ಕೆರೀಬ್ಯಾಡ್ರಿ, ತಟ್ರಿ

ಇಳಕಲ್ಲಿನಲ್ಲಿ ಅವನು ಹಚ್ಚೆ ಅಂಗಡಿ ಮುಚ್ಚುತ್ತಾನಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಮೊದಲು ನನಗಾದದ್ದು ಖುಷಿ. ಸುಳ್ಳು ಯಾಕೆ ಹೇಳಲಿ. ಬಾಗಲಕೋಟೆಯ ನನ್ನ ಅಂಗಡಿಯಲ್ಲಿ ಒಬ್ಬ ಗಿರಾಕಿ ತೋಳು ಚಾಚಿ ಕೂತಿದ್ದ, ನಾನು ಅವನ ಮಣಿಕಟ್ಟಿನ ಮೇಲೆ ಅವನ ಹೆಂಡತಿಯ ಹೆಸರು ಬರೆಯುತ್ತಿದ್ದೆ. ಸುದ್ದಿ ತಂದವನು ಆ ಗಿರಾಕಿಯೇ. ಕೈ ನಡುಗಲು ಶುರುವಾಗಿದೆಯಂತೆ, ದವಾಖಾನೆಗೆ ತೋರಿಸಿದ್ದಾನಂತೆ, ಇನ್ನು ಸೂಜಿ ಹಿಡಿಯುವುದಿಲ್ಲವಂತೆ. ಬಾಯಲ್ಲಿ ‘ಅಯ್ಯೋ ಪಾಪ’ ಅಂದೆ. ಹೊಟ್ಟೆಯೊಳಗೆ ಮಾತ್ರ ಒಂದು ತಂಬಿಗೆ ಮಜ್ಜಿಗೆ ತಣ್ಣಗೆ ಇಳಿದ ಹಾಗಾಯಿತು. ಅಷ್ಟಕ್ಕೇ ಗಿರಾಕಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಅಮಾವಾಸ್ಯೆಗೆ ಅಂಗಡಿಯ ಕೊನೆಯ ದಿನ, ಹಳೆಯ ಗಿರಾಕಿಗಳೆಲ್ಲ ಸೇರಿ ಅವನಿಗೆ ಹೋಳಿಗೆ ಊಟ ಹಾಕಿಸುತ್ತಾರಂತೆ ಎಂದೂ ಹೇಳಿದ. ಮಜ್ಜಿಗೆ ಅಲ್ಲೇ ಹುಳಿಯಾಯಿತು. ನಾನು ನಾಳೆ ಅಂಗಡಿ ಮುಚ್ಚಿದರೆ ಪಕ್ಕದ ಮೊಬೈಲ್ ಅಂಗಡಿಯವನು ಜಾಗ ಖಾಲಿಯಾಯಿತೇ ಎಂದು ಕೇಳಲು ಬಂದಾನು. ಬೇರೆ ಯಾರೂ ಬರುವುದಿಲ್ಲ.

ಇಳಕಲ್ಲಿನವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರವರ ಮೈಮೇಲೆಲ್ಲ ಹೆಸರು ಬರೆದ ಮನುಷ್ಯ, ತನ್ನ ಹೆಸರನ್ನು ಅಂಗಡಿಯ ಬೋರ್ಡಿನ ಮೇಲೂ ಹಾಕಿಕೊಂಡವನಲ್ಲ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಕಿಚ್ಚಿನ ಅಳತೆ ಸಿಗುವುದಿಲ್ಲ. ನಾನು ಮೊದಲು ಬೋರ್ಡ್ ಬರೆಯುವ ಪೇಂಟರ್. ಬಾದಾಮಿಯ ಖಾನಾವಳಿಗಳು, ಹುನಗುಂದದ ಕಿರಾಣಿ ಅಂಗಡಿಗಳು, ಲಾರಿಗಳ ಹಿಂಬದಿ, ಎಲ್ಲ ಕಡೆ ನನ್ನ ಅಕ್ಷರ ಇದ್ದವು. ಫ್ಲೆಕ್ಸ್ ಬಂದು ಆ ಕೆಲಸವನ್ನು ನುಂಗಿತು. ಆಗ ಬಣ್ಣದ ಡಬ್ಬಿ ಬಿಟ್ಟು ಹಚ್ಚೆಯ ಮಷಿನ್ ಹಿಡಿದೆ. ನನ್ನ ಗೆರೆ ನೇರ. ದಾರ ಹಿಡಿದು ನೋಡಿದರೂ ನೇರ. ನವಿಲು ಬರೆದರೆ ಒಂದೊಂದು ಗರಿ ಎಣಿಸಬಹುದು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಅವರೆಲ್ಲ ಅವನ ಬಗ್ಗೆ ಮಾತಾಡುವುದರಲ್ಲಿ ಮುಳುಗಿರುತ್ತಾರೆ. ಅವನು ಬರೆದ ನವಿಲು ಕೋಳಿಯ ಹಾಗೆ ಕಾಣುತ್ತಿತ್ತು. ಕೋಳಿಯೂ ಅಲ್ಲ, ಮೊಟ್ಟೆಗೆ ಕೂತ ಕೋಳಿ.

ಅವನು ನನ್ನ ಅಂಗಡಿಗೆ ಮೊದಲು ಬಂದದ್ದು ಗಿರಾಕಿಯಾಗಿ. ಬೇವೂರು ಕಡೆಯ ಕುರುಬರ ಮನೆತನ, ಬೀರಪ್ಪನ ಒಕ್ಕಲು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಅಪ್ಪನ ಜೊತೆ ಕುರಿಯ ಉಣ್ಣೆ ಕತ್ತರಿಸುವ ಕೆಲಸ ಮಾಡುತ್ತಿದ್ದನಂತೆ. ಅಂಗೈಯಲ್ಲಿ ದೊಡ್ಡ ಕತ್ತರಿಯ ಜಡ್ಡು ಇನ್ನೂ ಇತ್ತು. ಮುಂಗೈ ಮೇಲೆ ತಾಯಿಯ ಹೆಸರು ಬರೆಸಿಕೊಂಡು ಹೋದ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೇ ಬಂದು ನಿಂತಿದ್ದ. ಕೈ ಮುಂದೆ ಮಾಡಿ, ಇದು ಯಾಕೆ ಕಡಿಯುತ್ತಿದೆ ಎಂದು ಕೇಳಿದ. ಕಡಿಯುತ್ತದೆ, ಕೆರೆಯಬೇಡ, ಹೋಗು ಅಂದೆ.

‘ಕೆರೀಬ್ಯಾಡ ಅಂದ್ರ ಮತ್ತ ಏನ ಮಾಡ್ಲಿ ಅನ್ನೂದನ್ನೂ ಹೇಳ್ರಿ’ ಅಂದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಒಪ್ಪಿಕೊಳ್ಳದೆ, ಎಣ್ಣೆ ಹಚ್ಚು ಅಂದೆ. ಯಾವ ಎಣ್ಣೆ, ಎಷ್ಟು, ದಿನಕ್ಕೆ ಎಷ್ಟು ಸಲ, ತೊಳೆದು ಹಚ್ಚಬೇಕೋ ಹಾಗೇ ಹಚ್ಚಬೇಕೋ ಎಂದು ಕೇಳಿದ. ನಾನು ಗದರಿಸಿ ಕಳಿಸಿದೆ. ಮಾರನೇ ದಿನ ಮತ್ತೆ ಬಂದ. ಹೀಗೆ ಹತ್ತು ದಿನ ಬಂದು, ಕೈ ತೋರಿಸಿ, ಇವತ್ತು ಬಿಗಿ ಕಡಿಮೆ, ಇವತ್ತು ಹಕ್ಕಳೆ ಎದ್ದಿದೆ, ಇವತ್ತು ಕೆಳಗಿನ ಬಣ್ಣ ಮಬ್ಬು ಕಾಣುತ್ತಿದೆ ಎಂದು ವರದಿ ಒಪ್ಪಿಸಿದ. ನಾನು ತಲೆ ಎತ್ತದೆ ಹೂಂ ಅನ್ನುತ್ತಿದ್ದೆ. ಹನ್ನೊಂದನೇ ದಿನ ಅವನು ಕೈ ತೋರಿಸಲಿಲ್ಲ. ಬೆಂಚಿನ ಮೇಲೆ ಕೂತು ಹೇಳಿದ: ‘ಸೂಜಿದು ಒಂದು ತಾಸಿನ ಕೆಲಸ ಪೇಂಟರ್ ಸರ. ಚರ್ಮದ್ದು ಹದಿನೈದು ದಿನದ ಕೆಲಸ. ಆ ಹದಿನೈದು ದಿನಕ್ಕ ನಿಮ್ಮ ಅಂಗಡ್ಯಾಗ ಮನಷ್ಯಾ ಇಲ್ಲ. ನನ್ನ ಇಟ್ಕೋರಿ.’

ಇಟ್ಟುಕೊಂಡೆ. ಮಷಿನ್ ಒರೆಸಲಿಕ್ಕೆ, ಗಿರಾಕಿಯ ಕೈ ತೊಳೆಯಲಿಕ್ಕೆ ಒಬ್ಬ ಬೇಕಿತ್ತು. ಆರು ವರ್ಷ ನನ್ನ ಜೊತೆಗಿದ್ದ. ಎರಡನೇ ವರ್ಷಕ್ಕೆ ತಾನೂ ಮಷಿನ್ ಹಿಡಿದ, ಕೋಳಿಯಂಥ ನವಿಲುಗಳನ್ನು ಬರೆಯತೊಡಗಿದ.

ಅವನ ಎಡಗಾಲಿನ ಮೀನಖಂಡ ಸಾಲಿ ಹುಡುಗರ ಪಾಟಿಯಂತಿತ್ತು. ಬೆರಳಿನಷ್ಟು ಉದ್ದದ ಗೆರೆಗಳು, ಒಂದರ ಕೆಳಗೊಂದು. ಎಲ್ಲವನ್ನೂ ತಾನೇ ಹಾಕಿಕೊಂಡದ್ದು. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಹರಳೆಣ್ಣೆಯಲ್ಲಿ ಕಲಸಿದ ಅರಿಸಿನ, ಒಂದಕ್ಕೆ ಔಷಧಿ ಅಂಗಡಿಯ ಮುಲಾಮು ದಪ್ಪಗೆ, ಇನ್ನೊಂದಕ್ಕೆ ಅದೇ ಮುಲಾಮು ತೆಳ್ಳಗೆ, ಒಂದಕ್ಕೆ ಏನೂ ಇಲ್ಲ. ನಮ್ಮ ಕಡೆ ಗಾಯಕ್ಕೆ ಅರಿಸಿನ ಎಂದರೆ ದೇವರ ಮಾತಿದ್ದ ಹಾಗೆ, ಅವನ ಮನೆಯಲ್ಲಂತೂ ಬೀರಪ್ಪನ ಭಂಡಾರ ಎಂದರೆ ಅದೇ ಅರಿಸಿನದ ಪುಡಿ. ಆದರೂ ಅವನ ಕಾಲಿನ ಮೇಲೆ ಅರಿಸಿನದ ಗೆರೆ ಕೀವಾಗಿ, ನಡುವೆ ಬಣ್ಣ ಹಾರಿ, ಮುರಿದ ಬಳೆಯ ಹಾಗೆ ನಿಂತಿತ್ತು. ಚೆನ್ನಾಗಿ ಕೂತದ್ದು ಸಾಬೂನು ಹಾಕಿ ಮೆತ್ತಗೆ ತೊಳೆದು, ಒತ್ತಿ ಒರೆಸಿ, ಮುಲಾಮು ತೆಳ್ಳಗೆ ಹಚ್ಚಿದ ಗೆರೆ. ಅರಿಸಿನ ಹಚ್ಚುತ್ತೇನೆ ಎಂದು ಯಾರಾದರೂ ಹಟ ಹಿಡಿದರೆ ಅವನು ವಾದ ಮಾಡುತ್ತಿರಲಿಲ್ಲ. ಪ್ಯಾಂಟು ಮೇಲೆತ್ತಿ ಕಾಲು ತೋರಿಸುತ್ತಿದ್ದ. ದೇವರ ಅರಿಸಿನಕ್ಕೆ ಹಣೆ ಕೊಡಿ, ಹದಿನೈದು ದಿನ ಗಾಯ ಕೊಡಬೇಡಿ ಅನ್ನುತ್ತಿದ್ದ.

ನನ್ನ ಮೈಮೇಲೆ ಆಗ ಒಂದು ಚುಕ್ಕಿಯೂ ಇರಲಿಲ್ಲ. ಹಚ್ಚೆ ಹಾಕುವವನ ಮೈಮೇಲೆ ಹಚ್ಚೆ ಇಲ್ಲವೇ ಎಂದು ಯಾರೂ ಕೇಳಬಾರದು ಎಂದು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದೆ. ನೋಯುತ್ತದೆಯೇ ಎಂದು ಗಿರಾಕಿ ಕೇಳಿದರೆ ಇರುವೆ ಕಡಿದ ಹಾಗೆ ಅಷ್ಟೇ ಅನ್ನುತ್ತಿದ್ದೆ. ಪಕ್ಕದಲ್ಲಿ ನಿಂತ ಅವನು ಆ ಮಾತಿಗೆ ಪ್ರತಿ ಸಲವೂ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

ಅವನು ಗಿರಾಕಿಗೆ ಹೇಳುತ್ತಿದ್ದುದೇ ಬೇರೆ. ನೋಯುತ್ತದೆ ಅಂತಲೇ ಶುರು ಮಾಡುತ್ತಿದ್ದ. ಮೊದಲ ಎರಡು ದಿನ ಉರಿ, ಬಿಸಿಲಲ್ಲಿ ಸುಟ್ಟ ಚರ್ಮದ ಹಾಗೆ, ಸ್ವಲ್ಪ ನೀರೂ ಒಸರುತ್ತದೆ, ಹೆದರಬೇಡಿ. ಆಮೇಲೆ ಬಿಗಿ. ನಾಲ್ಕನೇ ಐದನೇ ದಿನಕ್ಕೆ ಕಡಿತ, ಹಕ್ಕಳೆ. ಕಡಿತ ಬಂತೆಂದರೆ ಚರ್ಮ ತನ್ನ ಕೆಲಸ ಮಾಡುತ್ತಿದೆ ಎಂದರ್ಥ, ನೀವು ಅಡ್ಡ ಹೋಗಬೇಡಿ. ಹೊಳೆ, ಬಾವಿ ಎರಡು ವಾರ ಮರೆತುಬಿಡಿ. ಬಿಸಿಲಿಗೆ ಹಿಡಿಯಬೇಡಿ. ‘ಉರಿ ದಿನಾ ಕಡಿಮಿ ಆಗ್ಬೇಕು. ಹೆಚ್ಚಾತಂದ್ರ, ಕೆಂಪು ಹರಡಾಕ ಹತ್ತಿತಂದ್ರ, ಜ್ವರಾ ಬಂತಂದ್ರ ನನ್ನ ಕಡೆ ಬರಬ್ಯಾಡ್ರಿ, ಸೀದಾ ದವಾಖಾನಿಗಿ ಹೋಗ್ರಿ.’ ಕಡಿತಕ್ಕೆ ಏನು ಮಾಡಬೇಕು ಎಂದರೆ ಅಂಗೈ ಚಪ್ಪಟೆ ಮಾಡಿ ತನ್ನ ತೋಳಿನ ಮೇಲೆ ಮೆಲ್ಲಗೆ ತಟ್ಟಿ ತೋರಿಸುತ್ತಿದ್ದ, ಕೂಸನ್ನು ಮಲಗಿಸುವಾಗ ತಟ್ಟುವ ಹಾಗೆ. ‘ಕೆರೀಬ್ಯಾಡ್ರಿ, ತಟ್ರಿ.’

ಅವನಿಗೆ ಇನ್ನೊಂದು ಅಭ್ಯಾಸ ಇತ್ತು. ಗಾಯವನ್ನು ಮುಟ್ಟುತ್ತಿರಲಿಲ್ಲ. ಬೆರಳುಗಳ ಬೆನ್ನನ್ನು ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿದು, ಕಣ್ಣು ಮುಚ್ಚಿ, ಶಾಖ ನೋಡುತ್ತಿದ್ದ. ಕತ್ತರಿ ತಾಗಿದ ಕುರಿಯನ್ನು ಅವನಪ್ಪ ಹಾಗೇ ನೋಡುತ್ತಿದ್ದನಂತೆ, ಮುಟ್ಟಿದರೆ ಅದು ಒದೆಯುತ್ತದೆ. ನಾನೊಮ್ಮೆ ಬೇರೆ ಯಾರೂ ಇಲ್ಲದಾಗ ಒಬ್ಬ ಗಿರಾಕಿಯ ಮೇಲೆ ಹಾಗೆ ಮಾಡಿ ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಗಿರಾಕಿ, ಏನ್ ಸರ ಮಂತ್ರಾ ಹಾಕಾಕ ಹತ್ತೀರೇನು ಎಂದು ನಕ್ಕ.

ಮತ್ತು ಅವನ ಪ್ರಶ್ನೆಗಳು. ಸೂಜಿ ಹಿಡಿಯುವ ಮೊದಲು ಅರ್ಧ ತಾಸು ಪ್ರಶ್ನೆ. ಯಾವ ಮಗ್ಗುಲಿಗೆ ಮಲಗುತ್ತೀರಿ, ಚೀಲ ಯಾವ ಹೆಗಲಿಗೆ ಹಾಕುತ್ತೀರಿ, ಕೂಸನ್ನು ಯಾವ ಸೊಂಟದ ಮೇಲೆ ಎತ್ತಿಕೊಳ್ಳುತ್ತೀರಿ. ಬಾದಾಮಿಯಿಂದ ಒಬ್ಬ ಟೀಚರಮ್ಮ ಕಾಲಿಗೆ ಹೂಬಳ್ಳಿ ಹಾಕಿಸಿಕೊಳ್ಳಲು ಬಂದಿದ್ದರು, ಮೂರು ತಲೆಮಾರಿನಿಂದ ಮಾಸ್ತರರ ಮನೆತನ, ಮಾತೂ ಪಾಠ ಮಾಡಿದ ಹಾಗೆ. ಅವರನ್ನು ಬೆಳ್ಳಿಯ ಕಾಲುಚೈನು ಹಾಕಿಕೊಂಡೇ ಅಂಗಡಿಯ ಉದ್ದಕ್ಕೂ ನಾಲ್ಕು ಸಲ ನಡೆಸಿದ. ಚೈನು ಎಲ್ಲಿ ಜಾರುತ್ತದೆ ನೋಡಿ ಅದರ ಮೇಲೆ ಎರಡು ಬೆರಳು ಬಿಟ್ಟು ಗುರುತು ಹಾಕಿದ. ಇಳಕಲ್ಲಿನ ನೇಯುವ ಹೆಂಗಸೊಬ್ಬಳು ಬಂದಾಗಂತೂ ತಾನೇ ನೆಲದ ಮೇಲೆ ಕೂತು, ಮಗ್ಗದ ಮುಂದೆ ಕೂತವರ ಹಾಗೆ ಲಾಳಿ ಎಸೆಯುವ ನಟನೆ ಮಾಡುತ್ತ, ಮರ ಎಲ್ಲಿ ತಾಗುತ್ತದೆ ಯವ್ವಾ, ಇಲ್ಲಿಯೋ ಇಲ್ಲಿಯೋ ಎಂದು ಕೇಳಿದ. ಅವಳು ನಕ್ಕೂ ನಕ್ಕೂ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳು ಕೇಳಿದ ಜಾಗ ಬಿಟ್ಟು ಮೊಣಕೈ ಮೇಲೆ ಹಾಕಿದ. ನಾನು ಮೂಲೆಯಲ್ಲಿ ಕೂತು, ಇವನೇನು ಹಚ್ಚೆ ಹಾಕುತ್ತಾನೋ ಜನಗಣತಿ ಮಾಡುತ್ತಾನೋ ಎಂದು ಬೈದುಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ನನ್ನ ಮೈ ಉರಿಸಿದ್ದು ಮೂರನೇ ದಿನದ ಫೋನು. ಹಚ್ಚೆ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಮೂರನೇ ದಿನ ಫೋನ್ ಮಾಡುತ್ತಿದ್ದ. ನನ್ನ ಗಿರಾಕಿಗಳಿಗೂ ಮಾಡುತ್ತಿದ್ದ. ಮೂರನೇ ದಿನವೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ಮೂರನೇ ದಿನಕ್ಕ ಉರಿ ಇಳೀತೈತ್ರಿ, ಮನಷ್ಯಾಗ ಧೈರ್ಯ ಬರ್ತೈತಿ. ಧೈರ್ಯ ಬಂದಾಗನ ಕೆಡಿಸಿಕೊಳ್ಳೂದು. ಅವತ್ತ ಯಾರರ ಒಬ್ರು ಕೇಳ್ಬೇಕು.’

ಕ್ರಮೇಣ ಜನ ಬಾಗಿಲಲ್ಲಿ ನಿಂತು, ನನ್ನನ್ನು ನೋಡಿ, ಅವರು ಇಲ್ಲೇನ್ರಿ ಎಂದು ಕೇಳತೊಡಗಿದರು. ಇಲ್ಲ, ನಾನಿದ್ದೇನೆ ಅಂದರೆ, ಇರ್ಲಿ ಬಿಡ್ರಿ ನಾಳಿ ಬರ್ತೇವಿ ಎನ್ನುವರು. ನನ್ನ ಅಂಗಡಿ, ನನ್ನ ಮಷಿನ್, ನನ್ನ ಗೆರೆ; ಅವನ ಕೋಳಿಗೆ ಸರತಿ. ಮನೆಯಲ್ಲಿ ಹೆಂಡತಿಯ ಮೇಲೆ ರೇಗುತ್ತಿದ್ದೆ. ನನ್ನ ನವಿಲಿನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆ. ಜನ ಅದರ ಕೆಳಗೆ ಕೂತು ಅವನಿಗಾಗಿ ಕಾಯುತ್ತಿದ್ದರು.

ಆಗ ಗುಡೂರಿನ ಆಸಾಮಿ ಬಂದ. ಬೀರಪ್ಪನ ಭಕ್ತ, ಕುರಿ ಸಾಕಿದವನು, ಎತ್ತರದ ಆಳು. ಬಲ ಹೆಗಲ ಮೇಲೆ ಬೀರಪ್ಪನ ಗುಡಿ, ಅದರ ಮುಂದೆ ಕೊಂಬು ತಿರುವಿದ ಒಂದು ಟಗರು ಬೇಕೆಂದ. ನನ್ನ ಜೊತೆಗಿದ್ದವನು ಅವತ್ತು ಊರಲ್ಲಿರಲಿಲ್ಲ, ತಂಗಿಯ ಮಗನ ಜವಳಕ್ಕೆ ಬೇವೂರಿಗೆ ಹೋಗಿದ್ದ. ಸರಿಯಾಯಿತು ಅಂದುಕೊಂಡೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂತು, ಟಗರಿನ ಉಣ್ಣೆಯ ಒಂದೊಂದು ಸುರುಳಿಯನ್ನೂ ಬರೆದೆ. ನನ್ನ ಜೀವಮಾನದಲ್ಲಿ ಅಂಥದನ್ನು ಬರೆದಿರಲಿಲ್ಲ. ಇದನ್ನು ನೋಡಿದ ಮೇಲೆ ಯಾರು ಕೋಳಿ ಕೇಳುತ್ತಾರೆ ನೋಡೋಣ ಎಂದು ಖುಷಿಯಲ್ಲಿದ್ದೆ. ಎದ್ದು ಹೋಗುವಾಗ ಆಸಾಮಿ, ಏನರ ಪಥ್ಯ ಐತೇನ್ರಿ ಎಂದು ಕೇಳಿದ. ಏನಿಲ್ಲ, ಕೆರೆಯಬೇಡ, ಹೋಗು ಅಂದೆ.

ಆಸಾಮಿ ಹೋದದ್ದು ಬೀರಪ್ಪನ ಗುಡಿಗೆ. ಹೊಸ ಹಚ್ಚೆಯನ್ನು ದೇವರಿಗೆ ತೋರಿಸಬೇಡವೇ. ಪೂಜಾರಿ ಅದರ ಮೇಲೆ ಮುಷ್ಟಿ ಭಂಡಾರ ಹಚ್ಚಿದ. ಆಮೇಲೆ ಅದರ ಮೇಲೆ ಕಂಬಳಿ ಹೊದಿಸಿದ. ಕಂಬಳಿ ಆಸಾಮಿಯ ಬಲ ಹೆಗಲಿನಿಂದ ಇಳಿಯುವುದು ಮಲಗುವಾಗ ಮಾತ್ರ, ಹುಟ್ಟಿದಾಗಿನಿಂದ ಅದೇ ಹೆಗಲು. ಕುರಿಯ ಉಣ್ಣೆಯ ಒರಟು ಕಂಬಳಿ ಐದು ದಿನ ಆ ಹಸಿ ಗಾಯವನ್ನು ಉಜ್ಜಿತು. ಕುರುಬರವನ ಕಂಬಳಿ ಯಾವ ಹೆಗಲ ಮೇಲಿರುತ್ತದೆ ಎಂದು ನಾನು ಕೇಳಿರಲಿಲ್ಲ. ನನ್ನ ಎದುರಿಗೇ ಕಂಬಳಿ ತೆಗೆದಿಟ್ಟು ಅವನು ಕೂತಿದ್ದ. ಬೇವೂರಿನಿಂದ ಬಂದವನಿಗೆ ಈ ಗಿರಾಕಿಯ ಸುದ್ದಿಯನ್ನೇ ನಾನು ಹೇಳಲಿಲ್ಲ, ಹಾಗಾಗಿ ಮೂರನೇ ದಿನದ ಫೋನೂ ಹೋಗಲಿಲ್ಲ.

ಆರನೇ ದಿನ ಬಂದಾಗ ಹೆಗಲು ಊದಿ ಕೆಂಪಾಗಿತ್ತು, ಟಗರಿನ ಮುಖ ಹಕ್ಕಳೆಯ ಜೊತೆ ಕಿತ್ತು ಹೋಗಿತ್ತು, ಮೈ ಸುಡುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ಕೂತಿದ್ದರು, ಟೀಚರಮ್ಮನೂ ಇದ್ದರು. ಆಸಾಮಿ ಜಗಳ ಮಾಡಲಿಲ್ಲ, ಇದ್ಯಾಕ ಹಿಂಗಾತ್ರಿ ಎಂದು ಮಾತ್ರ ಕೇಳಿದ. ಎಲ್ಲರೂ ನನ್ನನ್ನು ನೋಡಿದರು. ನಾನು ಬೆರಳು ಮಾಡಿ, ಮೂಲೆಯಲ್ಲಿ ಮಷಿನ್ ಒರೆಸುತ್ತಿದ್ದ ಅವನನ್ನು ತೋರಿಸಿದೆ.

‘ತೊಳಿಯೂದು, ಪಥ್ಯ ಹೇಳೂದು ಎಲ್ಲಾ ಇಂವನ ಕೆಲಸ. ಇಂವನ್ನ ಕೇಳ್ರಿ’ ಅಂದೆ.

ಹಚ್ಚೆ ಹಾಕಿದ ದಿನ ಅವನು ಊರಲ್ಲೇ ಇರಲಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ನೋವಿನ ಸಂಕಟದಲ್ಲಿದ್ದ ಆಸಾಮಿಗೆ ಮಾತ್ರ ನೆನಪಾಗಲಿಲ್ಲ. ಅವನು ನನ್ನ ಮುಖವನ್ನು ಒಮ್ಮೆ ನೋಡಿದ. ಬಹಳ ಹೊತ್ತೇನೂ ಅಲ್ಲ. ಹೌದ್ರಿ, ತಪ್ಪಾತು, ಕುಂದರ್ರಿ ಎಂದು ಆಸಾಮಿಯನ್ನು ಕೂರಿಸಿ, ಬೆರಳಿನ ಬೆನ್ನು ಹಿಡಿದು ಶಾಖ ನೋಡಿ, ಕೂತವನನ್ನು ಎಬ್ಬಿಸಿ ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದ. ಆಮೇಲೆ ಹದಿನೈದು ದಿನ ದಿನವೂ ಬೆಳಗಿನ ಬಸ್ಸಿಗೆ ಗುಡೂರಿಗೆ ಹೋಗಿ ಹೆಗಲು ತೊಳೆದು, ಮುಲಾಮು ಹಚ್ಚಿ, ಕಂಬಳಿಯನ್ನು ಎಡ ಹೆಗಲಿಗೆ ಹಾಕಿಸಿ ಬಂದ. ನಾನು ಒಂದು ದಿನವೂ ಹೋಗಲಿಲ್ಲ. ಗಾಯ ಮಾಗಿ, ಚರ್ಮ ಗಟ್ಟಿಯಾಗಿ, ಎರಡು ತಿಂಗಳ ಮೇಲೆ ಟಗರಿನ ಮುಖವನ್ನು ಅವನೇ ತುಂಬಿದ.

ಮುಖ ತುಂಬಿದ ಆ ಸಂಜೆಯೇ ಮಷಿನ್ ಒರೆಸಿಟ್ಟು, ಅಂಗಡಿಯ ಕೀಲಿಯನ್ನು ಮೇಜಿನ ಮೇಲೆ ಇಟ್ಟು, ಬರ್ತೇನ್ರಿ ಪೇಂಟರ್ ಸರ ಅಂದ. ದಿನವೂ ಹಾಗೇ ಹೇಳುತ್ತಿದ್ದ, ಹಾಗಾಗಿ ತಲೆ ಎತ್ತದೆ ಹೂಂ ಅಂದೆ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಇಳಕಲ್ಲಿನಲ್ಲಿ ಸ್ವಂತ ಅಂಗಡಿ ಮಾಡಿದ್ದಾನೆ ಎಂದು ತಿಂಗಳ ಮೇಲೆ ಗೊತ್ತಾಯಿತು. ಹೋದರೆ ಹೋದ, ಪೀಡೆ ತೊಲಗಿತು ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮಗಳು, ಡಿಗ್ರಿ ಕೊನೆಯ ವರ್ಷದಲ್ಲಿದ್ದಳು, ಎಡಗೈಯಲ್ಲಿ ತನ್ನ ಬಲ ತೋಳನ್ನು ಅಂಗಿಯ ಮೇಲಿನಿಂದಲೇ ಮೆಲ್ಲಗೆ ತಟ್ಟಿಕೊಂಡಳು. ಒಂದು ತುತ್ತು ತಿಂದು ಮತ್ತೆ ತಟ್ಟಿಕೊಂಡಳು. ಅಂಗೈ ಚಪ್ಪಟೆ. ಕೂಸನ್ನು ಮಲಗಿಸುವಾಗಿನ ಹಾಗೆ. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಅಂಗಿಯ ತೋಳು ಮೇಲೆತ್ತು ಅಂದೆ. ಎತ್ತಿದಳು. ಮೊಟ್ಟೆಗೆ ಕೂತ ಕೋಳಿಯಂಥ ಒಂದು ನವಿಲು.

ಬಾಗಲಕೋಟೆಯಲ್ಲಿ ಅಪ್ಪನ ಅಂಗಡಿ ಇಟ್ಟುಕೊಂಡು ಇಳಕಲ್ಲಿಗೆ ಹೋದೆಯಾ ಎಂದು ಕೂಗಾಡಿದೆ. ಗೆರೆ ನೋಡು, ಕಾಲು ನೋಡು, ಇದು ನವಿಲೇ ಎಂದೆ. ಅವಳು ಎಲ್ಲ ಕೇಳಿಸಿಕೊಂಡು ತೋಳು ಕೆಳಗಿಳಿಸಿದಳು.

‘ನಿಮ್ಮ ಕೈಯಾಗ ಹಾಕಿಸಿಕೊಂಡಿದ್ರ ಚಂದ ಆಗ್ತಿತ್ತು ಅಪ್ಪಾ, ನನಗೂ ಗೊತ್ತೈತಿ. ಆದ್ರ ನೋಯಾಕ ಹತ್ತೇತಿ ಅಂದ್ರ ನೀವು ಬೈತಿದ್ರಿ. ಕಾಕಾ ಮೂರನೇ ದಿನ ಫೋನ್ ಮಾಡಿ ಕೇಳಿದ್ರು.’

ಆವತ್ತು ನನಗಾದ ಹೊಟ್ಟೆಕಿಚ್ಚು ಹಿಂದೆ ಎಂದೂ ಆಗಿರಲಿಲ್ಲ. ಗಿರಾಕಿಗಳನ್ನು ಕಸಿದದ್ದನ್ನು ತಡೆದುಕೊಳ್ಳಬಹುದು. ನನ್ನ ಮಗಳಿಗೆ ನೋಯುತ್ತಿದೆಯೇ ಎಂದು ನಾನು ಕೇಳಬೇಕಾದ್ದನ್ನು ಅವನು ಕೇಳಿದ್ದ. ಜೊತೆಗೇ ಒಂದು ಹೆದರಿಕೆಯೂ ಹತ್ತಿತು: ಗುಡೂರಿನವನ ಮಾತನ್ನು ಇವಳಿಗೆ ಹೇಳಿದ್ದಾನೆಯೇ? ಸುತ್ತಿ ಬಳಸಿ ವಿಚಾರಿಸಿದೆ. ನನ್ನ ಬಗ್ಗೆ ಅವನು ಹೇಳಿದ್ದು ಒಂದೇ ಮಾತಂತೆ: ಜಿಲ್ಲೆಯಲ್ಲೇ ನಿಮ್ಮಪ್ಪನಂಥ ಗೆರೆ ಯಾರಿಗೂ ಬರುವುದಿಲ್ಲ. ಆ ದಿನದಿಂದ ಗುಡೂರಿನ ಮಾತು ನನ್ನ ಹೊಟ್ಟೆಯಲ್ಲಿ ಕೂತಿತು. ಅವನ ಮುಂದೆ ಅದನ್ನು ಒಪ್ಪಿಕೊಳ್ಳದೆ ಇಳಿಯುವ ಹಾಗಿರಲಿಲ್ಲ, ಒಪ್ಪಿಕೊಳ್ಳಲು ನಾಲಿಗೆ ಏಳುತ್ತಿರಲಿಲ್ಲ.

ಹಾಗಾಗಿ ಅಮಾವಾಸ್ಯೆಯ ದಿನ ಅಂಗಡಿಗೆ ಬೀಗ ಹಾಕಿ ಇಳಕಲ್ ಬಸ್ಸು ಹತ್ತಿದೆ. ಒಳ್ಳೆಯ ಮನಸ್ಸಿನಿಂದಲೇ ಹೋದೆ ಎಂದು ಹೇಳಲಾರೆ. ಎಷ್ಟು ಜನ ಸೇರಿದ್ದಾರೆ ಎಂದು ನೋಡುವ ಚಪಲವೂ ಇತ್ತು. ಸೀರೆ ಅಂಗಡಿಗಳ ಓಣಿಯಲ್ಲಿ ಅವನದೊಂದು ಸಣ್ಣ ಖೋಲಿ, ಜನ ಹಿಡಿಸದೆ ಓಣಿಯಲ್ಲೇ ಜಮಖಾನ ಹಾಸಿದ್ದರು. ನೇಯುವ ಹೆಂಗಸು ಹೋಳಿಗೆ ಬಡಿಸುತ್ತಿದ್ದಳು. ಟೀಚರಮ್ಮ ತುಪ್ಪ ಹಾಕುತ್ತಿದ್ದರು. ಒಬ್ಬರಿಗೊಬ್ಬರು ತೋಳು, ಕಾಲು, ಕುತ್ತಿಗೆ ತೋರಿಸಿಕೊಂಡು, ನಂದು ಏಳನೇ ದಿನಕ್ಕೆ ಉದುರಿತು, ನಂದು ಒಂಬತ್ತಕ್ಕೆ ಎಂದು ನಗುತ್ತಿದ್ದರು. ಗುಡೂರಿನ ಆಸಾಮಿಯೂ ಬಂದಿದ್ದ. ಕಂಬಳಿ ಇನ್ನೂ ಎಡ ಹೆಗಲ ಮೇಲೇ ಇತ್ತು. ಪೇಂಟರ್ ಸರ ಬಂದಾರ, ಜಾಗಾ ಬಿಡ್ರಿ ಎಂದು ನನ್ನನ್ನು ತನ್ನ ಪಕ್ಕಕ್ಕೆ ಕೂರಿಸಿಕೊಂಡು, ಅಂಗಿ ಸರಿಸಿ ಟಗರನ್ನು ತೋರಿಸಿದ. ಉಣ್ಣೆಯ ಸುರುಳಿ ನನ್ನದು, ಮುಖ ಅವನದು. ಆ ಮುಖ ಒಂದು ಕಡೆ ವಾರೆಯಾಗಿ, ಏನೋ ಕೇಳಲು ಬಂದವರ ಹಾಗೆ ಇತ್ತು. ನೋಡಿದವರೆಲ್ಲ ಮುಖದಲ್ಲಿ ಜೀವ ಇದೆ ಅಂದರು. ಉಣ್ಣೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಅವನು ಕೂದಲು ಬೆಳ್ಳಗಾಗಿ ಸಣಕಲಾಗಿದ್ದ. ಬಲಗೈಯನ್ನು ಮಡಿಲಲ್ಲಿ ಎಡಗೈ ಕೆಳಗೆ ಮುಚ್ಚಿಟ್ಟುಕೊಂಡಿದ್ದ. ಬರ್ರಿ, ಊಟಾ ಮಾಡ್ರಿ ಅಂದ, ನಿನ್ನೆ ತಾನೆ ಕೀಲಿ ಇಟ್ಟು ಹೋದವನ ಹಾಗೆ.

ಊಟ ಮುಗಿದು ಜನ ಚದುರಿದ ಮೇಲೆ ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲೇ ಇಲ್ಲ. ಬಂದದ್ದು ಬೇರೆ.

‘ಲೇ, ನನಗೊಂದು ಹಾಕು. ನವಿಲ’ ಅಂದೆ.

ಅವನು ಬೇಡವೆಂದ, ಕೈ ತೋರಿಸಿದ. ಕೈ ನಿಜವಾಗಿಯೂ ನಡುಗುತ್ತಿತ್ತು. ಸಣ್ಣದಾದರೂ ಹಾಕು, ಹೇಗಾದರೂ ಹಾಕು ಎಂದು ಹಟ ಹಿಡಿದೆ. ನಾನು ಅವನ ಪ್ರಶ್ನೆಗಳಿಗೆ ತಯಾರಾಗಿ ಕೂತೆ. ಅವನು ಒಂದೂ ಕೇಳಲಿಲ್ಲ. ಸಾಬೂನಿನಿಂದ ಕೈ ತೊಳೆಯುತ್ತ ತಾನೇ ಹೇಳಿಕೊಂಡು ಹೋದ: ಬಲಗೈ ಮೇಜಿಗೆ ತಾಗುತ್ತದೆ, ಅದು ಬೇಡ. ಎಡ ಮಣಿಕಟ್ಟಿಗೆ ಕೈಗವಸಿನ ಅಂಚು ಬರುತ್ತದೆ, ಅದೂ ಬೇಡ. ಮಧ್ಯಾಹ್ನ ಬೆಂಚಿನ ಮೇಲೆ ಬಲ ಮಗ್ಗುಲಿಗೆ ಮಲಗುತ್ತೀರಿ, ಅಂದಮೇಲೆ ಎಡ ಮೊಣಕೈ ಕೆಳಗೆ ಒಳಗಡೆ ಹಾಕೋಣ. ಆರು ವರ್ಷ ನಾನು ಹೇಗೆ ಕೂರುತ್ತೇನೆ, ಹೇಗೆ ಮಲಗುತ್ತೇನೆ ಎಂದು ಅವನು ನೋಡಿಟ್ಟುಕೊಂಡಿದ್ದ. ಅವನು ಯಾವ ಮಗ್ಗುಲಿಗೆ ಮಲಗುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ.

‘ಮೊದಲನೇದಲ್ರಿ? ನೋಯತೈತಿ ಮತ್ತ’ ಅಂದ. ಆ ತುಂಬುತೋಳಿನ ಅಂಗಿಯ ಗುಟ್ಟು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಬರೆದ. ಇರುವೆ ಕಡಿದ ಹಾಗೆ ಇರಲಿಲ್ಲ. ಕಾದ ತಂತಿ ಎಳೆದ ಹಾಗಿತ್ತು. ಇಷ್ಟು ವರ್ಷ ಅಷ್ಟು ಜನಕ್ಕೆ ಸುಳ್ಳು ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಾನು ಒರೆಸಿಕೊಳ್ಳುವ ತನಕ ಕಾದ. ಮುಗಿದ ಮೇಲೆ ನೋಡಿದರೆ ಕೋಳಿಯೂ ಆಗಿರಲಿಲ್ಲ, ಒಂದು ಕಾಲು ಉದ್ದ, ಒಂದು ಗಿಡ್ಡ. ಪಥ್ಯವನ್ನೆಲ್ಲ ಹೇಳಿ, ಬಸ್ಸಿನಲ್ಲಿ ಕಿಟಕಿಯ ಕಡೆ ಕೂರಬೇಡಿ, ಬಿಸಿಲು ಬೀಳುತ್ತದೆ ಎಂದು ಕಳಿಸಿದ. ಹೇಳಬೇಕಾದ ಮಾತನ್ನು ಹಾಗೇ ವಾಪಸು ಹೊತ್ತು ತಂದೆ.

ಮೊದಲ ದಿನ ಉರಿಯಿತು. ಎರಡನೇ ದಿನ ಅಂಗಿಯ ತೋಳು ತಾಗಿದರೆ ಜೀವ ಹೋಗುತ್ತಿತ್ತು, ತೋಳು ಮಡಚಿಕೊಂಡೇ ಕೆಲಸ ಮಾಡಿದೆ. ಆವತ್ತು ಬಂದ ಇಬ್ಬರು ಗಿರಾಕಿಗಳಿಗೆ ನಾನು ಇರುವೆಯ ಮಾತು ಹೇಳಲಿಲ್ಲ. ಒಬ್ಬನಂತೂ ನನ್ನ ನವಿಲು ನೋಡಿ, ಇದನ್ಯಾರು ಕೆಡಿಸ್ಯಾರ್ರಿ ಎಂದ. ಕೆಡಿಸಿಲ್ಲ ಅಂದೆ. ಮೂರನೇ ದಿನ ಎದ್ದಾಗ ಉರಿ ಇಳಿದಿತ್ತು. ಅವನು ಹೇಳಿದ ಹಾಗೆ ಧೈರ್ಯವೂ ಬಂದಿತ್ತು. ಅಂಗಡಿಯಲ್ಲಿ ಫೋನನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಟ್ಟುಕೊಂಡೆ. ಅಂಗಡಿ ಮುಚ್ಚಿದವನು, ಇನ್ನು ಗಿರಾಕಿಯ ಹಂಗಿಲ್ಲದವನು, ಯಾಕೆ ಮಾಡಿಯಾನು ಎಂದೂ ಅಂದುಕೊಂಡೆ. ಹನ್ನೊಂದರ ಸುಮಾರಿಗೆ ಬಂತು.

ಉರಿ ಇಳಿಯಿತೇ, ನೀರು ಒಸರುತ್ತಿದೆಯೇ, ಸುತ್ತ ಕೆಂಪಿದೆಯೇ ಎಂದು ಒಂದೊಂದಾಗಿ ಕೇಳಿದ. ಉತ್ತರ ಹೇಳುತ್ತ ಹೇಳುತ್ತ, ಮಾತಿನ ನಡುವೆ, ನನಗೇ ಗೊತ್ತಾಗದ ಹಾಗೆ ಅದು ಹೊರಗೆ ಬಂತು. ‘ಗುಡೂರಿನಂವನ ಹೆಗಲಾ ಕೆಡ್ಸಿದಾಂವ ನಾನಲೇ. ಅವತ್ತ ನೀ ಊರಾಗ ಇರಲಿಲ್ಲ. ಎಲ್ಲಾರ ಮುಂದ ನಿನ್ನ ಮ್ಯಾಲ ಹಾಕಿದೆ’ ಅಂದೆ. ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದೆ ಎಂದೂ ಹೇಳಿದೆ.

ಆ ಕಡೆಯಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು.

‘ಅದು ನನಗ ಅವತ್ತ ಅಷ್ಟು ನೋಯಲಿಲ್ರಿ’ ಅಂದ. ‘ಅಂಗಡಿ ಬಿಟ್ಟ ಮೂರನೇ ದಿನ ನಿಮ್ಮ ಫೋನ್ ಬರ್ತೈತಿ ಅಂತ ಕಾದೆ ನೋಡ್ರಿ. ಸಂಜಿತನಕಾ.’

ನಾನು ಏನಾದರೂ ಹೇಳುವ ಮೊದಲೇ, ಯಾವ ಗಿರಾಕಿಗಾದರೂ ಹೇಳುವ ಅದೇ ದನಿಯಲ್ಲಿ, ನಾಳೆಯಿಂದ ಕಡಿತ ಶುರುವಾಗುತ್ತದೆ, ಕೆರೆಯಬೇಡಿ ಅಂದ.